ಸಹಿ ಹಾಕಿದ ಮೇಲೂ ಜಗಳ ಯಾಕೆ? ಸ್ಪೆಸಿಫಿಕೇಶನ್ ಒಳಗೇ ಅಕ್ಸೆಪ್ಟೆನ್ಸ್ ಟೆಸ್ಟ್ ಬರೆಯುವ ಬಗ್ಗೆ

ಪ್ರಶ್ನೆ: ನಮ್ಮದು ಹಾಸನದ ಸಣ್ಣ ಸಾಫ್ಟ್‌ವೇರ್ ಕಂಪನಿ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಹಾಲಿನ ಲೆಕ್ಕ ಮತ್ತು ಬಟವಾಡೆಯ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಪ್ರತಿ ಸಲ ದಪ್ಪದೊಂದು ಎಸ್‌ಆರ್‌ಎಸ್ (ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಬರೆದಿಡುವ ದಾಖಲೆ) ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಆದರೂ ಯುಎಟಿಗೆ, ಅಂದರೆ ಗ್ರಾಹಕರೇ ಓಡಿಸಿ ನೋಡಿ ಒಪ್ಪಿಕೊಳ್ಳುವ ಹಂತಕ್ಕೆ, ಬಂದಾಗ "ನಾವು ಹೇಳಿದ್ದು ಹೀಗಲ್ಲ" ಅಂತ ಜಗಳ ಶುರುವಾಗುತ್ತದೆ. ಅಕ್ಸೆಪ್ಟೆನ್ಸ್ ಟೆಸ್ಟ್‌ಗಳನ್ನೇ (ಕೆಲಸ ಸರಿಯಾಗಿದೆ ಎಂದು ಒಪ್ಪಲು ಮಾಡುವ ಪರೀಕ್ಷೆಗಳನ್ನೇ) ಸ್ಪೆಸಿಫಿಕೇಶನ್ ಮಾಡಿಕೊಳ್ಳಿ, ಎಸ್‌ಆರ್‌ಎಸ್ ಬೇಕಾಗಿಲ್ಲ ಎಂದು ಒಬ್ಬರು ಹೇಳಿದರು. ನಮ್ಮಂಥವರಿಗೆ ಇದು ಆಗುವ ಮಾತೇ? ಯಾವ ಟೂಲ್ ಬೇಕು? ಕರಾರಿನಲ್ಲಿ ಹೇಗೆ ಸೇರಿಸಬೇಕು?

ಉತ್ತರ: ನಿಮಗೆ ಹೇಳಿದವರ ಮಾತು ಅರ್ಧ ಸರಿ. ಅಕ್ಸೆಪ್ಟೆನ್ಸ್ ಟೆಸ್ಟ್‌ಗಳು ಸ್ಪೆಸಿಫಿಕೇಶನ್ ಒಳಗೇ ಇರಬೇಕು, ಕೋಡ್ ಬರೆಯುವ ಮುಂಚೆಯೇ ಇರಬೇಕು. ಆದರೆ ಎಸ್‌ಆರ್‌ಎಸ್ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ತೆಳ್ಳಗಾಗುತ್ತದೆ, ಅಷ್ಟೇ.

ಜಗಳ ಎಲ್ಲಿ ಹುಟ್ಟುತ್ತದೆ ಅನ್ನುವುದನ್ನು ಮೊದಲು ನೋಡೋಣ. ನಿಮ್ಮ ದಾಖಲೆಯನ್ನು ನಾನು ಓದಿಲ್ಲ. ಆದರೂ ಅದರಲ್ಲಿ ಇಂಥ ಒಂದು ಸಾಲು ಇದ್ದೇ ಇರುತ್ತದೆ: "ಲ್ಯಾಕ್ಟೋಮೀಟರ್ ರೀಡಿಂಗ್ ಮತ್ತು ಫ್ಯಾಟ್ ನೋಡಿ ಎಸ್‌ಎನ್‌ಎಫ್ ಅನ್ನು ಸೂತ್ರದ ಪ್ರಕಾರ ಲೆಕ್ಕ ಹಾಕಬೇಕು." ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಫ್ಯಾಟ್ (ಕೊಬ್ಬು) ಬಿಟ್ಟು ಉಳಿದ ಘನಾಂಶ; ಲ್ಯಾಕ್ಟೋಮೀಟರ್ ಹಾಲಿನ ಸಾಂದ್ರತೆ ನೋಡುವ ಸಾಧನ. ಹಾಲು ಪರೀಕ್ಷಿಸುವ ಮಶೀನ್ (ಅನಲೈಸರ್) ಇರುವ ಸಂಘಗಳಲ್ಲಿ ಎಸ್‌ಎನ್‌ಎಫ್ ಮಶೀನಿನಿಂದಲೇ ಬರುತ್ತದೆ, ನಿಜ. ಮಶೀನ್ ಕೈಕೊಟ್ಟ ದಿನ ಲ್ಯಾಕ್ಟೋಮೀಟರೇ ಗತಿ ಅಲ್ವಾ? ಹಾಗಾಗಿ ಈ ಸಾಲು ಬೇಕು. ಓದಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕಾರ್ಯದರ್ಶಿ ತಲೆಯಾಡಿಸುತ್ತಾರೆ, ಅಧ್ಯಕ್ಷರು ಸಹಿ ಹಾಕುತ್ತಾರೆ, ನಿಮ್ಮ ಹುಡುಗರು ಕೋಡ್ ಬರೆಯುತ್ತಾರೆ.

ಈಗ ಇದೇ ಸಾಲಿನ ಮುಂದೆ ಒಂದು ಕ್ಯಾನ್ ಹಾಲು ಇಡಿ. ಉಷ್ಣಾಂಶಕ್ಕೆ ತಕ್ಕಂತೆ ಸರಿಮಾಡಿದ ರೀಡಿಂಗ್, ಅಂದರೆ ಸಿಎಲ್‌ಆರ್, 28. ಫ್ಯಾಟ್ 3.5. ಎಸ್‌ಎನ್‌ಎಫ್ ಎಷ್ಟು?

ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಸೂತ್ರ ಒಂದೇ ಅಲ್ಲ. ಸಿಎಲ್‌ಆರ್ ಅನ್ನು ನಾಲ್ಕರಿಂದ ಭಾಗಿಸಿ, ಅದಕ್ಕೆ ಫ್ಯಾಟಿನ 0.21 ಪಟ್ಟು ಮತ್ತು 0.36 ಕೂಡಿಸುವವರಿದ್ದಾರೆ. ಫ್ಯಾಟಿನ 0.25 ಪಟ್ಟು ಮತ್ತು 0.44 ಕೂಡಿಸುವವರೂ ಇದ್ದಾರೆ. ಮೊದಲನೆಯದರಲ್ಲಿ 7 + 0.735 + 0.36, ಒಟ್ಟು 8.095. ಎರಡನೆಯದರಲ್ಲಿ 7 + 0.875 + 0.44, ಒಟ್ಟು 8.315. ಚೀಟಿಯಲ್ಲಿ ಒಂದೇ ದಶಾಂಶ ಬರಬೇಕು ಎಂದಿಟ್ಟುಕೊಳ್ಳಿ. 8.095 ಅನ್ನು ಹತ್ತಿರದ ಅಂಕಿಗೆ ತಂದರೆ 8.1. ಹಿಂದಿನ ಅಂಕಿಗಳನ್ನು ಸುಮ್ನೆ ಕತ್ತರಿಸಿದರೆ 8.0. ಇನ್ನೊಂದು ಸೂತ್ರದಲ್ಲಿ 8.3. ಒಂದೇ ಹಾಲಿಗೆ ಮೂರು ಉತ್ತರ. ಹಸುವಿನ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಇಟ್ಟಿರುವ ಕನಿಷ್ಠ ಎಸ್‌ಎನ್‌ಎಫ್ ಶೇ 8.3. ಅಂದರೆ ಒಂದು ಲೆಕ್ಕದಲ್ಲಿ ಈ ಹಾಲು ಪಾಸು, ಉಳಿದೆರಡರಲ್ಲಿ ಫೇಲು.

ಸಹಿ ಹಾಕುವಾಗ ಕಾರ್ಯದರ್ಶಿಯ ತಲೆಯಲ್ಲಿ ಇದ್ದದ್ದು ಅವರ ಒಕ್ಕೂಟದ ಸೂತ್ರ. ನಿಮ್ಮ ಪ್ರೋಗ್ರಾಮರ್ ಹಾಕಿದ್ದು ಇಂಟರ್ನೆಟ್ಟಿನಲ್ಲಿ ಮೊದಲು ಸಿಕ್ಕ ಸೂತ್ರ. ಇಬ್ಬರೂ ದಾಖಲೆಯಲ್ಲಿ ಇದ್ದಂತೆಯೇ ನಡೆದುಕೊಂಡಿದ್ದಾರೆ. ಆ ಸಾಲಿನ ಕೆಳಗೆ "ಸಿಎಲ್‌ಆರ್ 28, ಫ್ಯಾಟ್ 3.5 ಇದ್ದರೆ ಎಸ್‌ಎನ್‌ಎಫ್ 8.1" ಎಂದು ಒಂದು ಸಾಲು ಬರೆದಿದ್ದರೆ ಮಾತು ಅವತ್ತೇ ಹೊರಗೆ ಬರುತ್ತಿತ್ತು. ಆ ಸಾಲು ಅಕ್ಸೆಪ್ಟೆನ್ಸ್ ಟೆಸ್ಟೂ ಹೌದು, ಸ್ಪೆಸಿಫಿಕೇಶನ್ನೂ ಹೌದು. ನಾವು ಮಾಡುವುದೇನು? ಇವೆರಡನ್ನೂ ಬೇರೆ ಬೇರೆ ಫೈಲಿನಲ್ಲಿ, ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಜನರ ಕೈಲಿ ಬರೆಸುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿ.

ಇದು ಹೊಸ ಯೋಚನೆಯೇನಲ್ಲ. ಎಸ್‌ಆರ್‌ಎಸ್ ಬರೆಯುವವರು ಇವತ್ತಿಗೂ ನಕಲು ಮಾಡುವ ಚೌಕಟ್ಟು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ 830ನೇ ಮಾನದಂಡ, 1998ರದು. 2011ರಲ್ಲಿ ಅದರ ಜಾಗಕ್ಕೆ 29148 ಎಂಬ ಹೊಸ ಮಾನದಂಡ ಬಂದರೂ ಹಳೆಯದರ ಅಧ್ಯಾಯಗಳು ಓಡಾಡುತ್ತಲೇ ಇವೆ. ಬರೆದ ಪ್ರತಿ ಬೇಡಿಕೆಯನ್ನೂ ಪರೀಕ್ಷೆ ಮಾಡಿ ನೋಡಲು ಸಾಧ್ಯವಿರಬೇಕು ಎಂದು ಆ ಹಳೆಯ ಮಾನದಂಡವೇ ಹೇಳುತ್ತದೆ. "ಚೆನ್ನಾಗಿ ಕೆಲಸ ಮಾಡಬೇಕು", "ಸಾಮಾನ್ಯವಾಗಿ ಹೀಗಾಗಬೇಕು" ಎಂಬಂಥ ಮಾತುಗಳನ್ನು ಕೆಟ್ಟ ಉದಾಹರಣೆ ಅಂತಲೇ ಕೊಡುತ್ತದೆ. ಸರಿಯಾದದ್ದಕ್ಕೆ ಕೊಡುವ ಉದಾಹರಣೆ ಬೇರೆ ಥರ: ನೂರಕ್ಕೆ 60 ಸಲ 20 ಸೆಕೆಂಡಿನೊಳಗೆ, ಎಲ್ಲ ಸಲವೂ 30 ಸೆಕೆಂಡಿನೊಳಗೆ ಉತ್ತರ ಬರಬೇಕು. ನಾವು ಅಧ್ಯಾಯಗಳ ಹೆಸರನ್ನು ನಕಲು ಮಾಡಿದೆವು, ಈ ಮಾತನ್ನು ಮಾತ್ರ ಬಿಟ್ಟೆವು.

1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಜೊತೆಗಾರರು ಅಮೆರಿಕದ ಕ್ರೈಸ್ಲರ್ ಕಾರು ಕಂಪನಿಯ ಸಂಬಳದ ಪ್ರಾಜೆಕ್ಟಿನಲ್ಲಿ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯನ್ನು ರೂಪಿಸಿದರು. ಕೆಲಸ ಮುಗಿಯಿತೋ ಇಲ್ಲವೋ ಎಂದು ತೀರ್ಮಾನಿಸುವ ಟೆಸ್ಟ್ ಗ್ರಾಹಕನದ್ದಾಗಿರಬೇಕು ಅನ್ನುವುದು ಆ ಪದ್ಧತಿಯ ಒಂದು ಮುಖ್ಯ ನಿಯಮ. ಸಂಬಳದ ಲೆಕ್ಕ, ಹಾಲಿನ ಬಟವಾಡೆ ಎರಡೂ ಒಂದೇ ಜಾತಿಯ ಕೆಲಸ. ನಿಯಮ ಜಾಸ್ತಿ, ವಿನಾಯಿತಿ ಇನ್ನೂ ಜಾಸ್ತಿ, ನಾಲ್ಕಾಣೆ ತಪ್ಪಿದರೂ ಜನ ಬಾಗಿಲಿಗೆ ಬರುತ್ತಾರೆ. 2002ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ (ವಿಕಿಯನ್ನು ಕಂಡುಹಿಡಿದವರೂ ಇವರೇ) ಫಿಟ್ ಎಂಬ ಸಾಧನ ಮಾಡಿದರು. ಗ್ರಾಹಕರು ಉದಾಹರಣೆಗಳನ್ನು ಟೇಬಲ್ ಮಾಡಿ ಬರೆಯುತ್ತಾರೆ. ಪ್ರೋಗ್ರಾಮ್ ಕೊಟ್ಟ ಉತ್ತರ ಹೊಂದಿದರೆ ಆ ಚೌಕ ಹಸಿರಾಗುತ್ತದೆ, ಇಲ್ಲದಿದ್ದರೆ ಕೆಂಪಾಗುತ್ತದೆ. ನಿಮಗೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ.

ಬಟವಾಡೆಯ ಅಧ್ಯಾಯವನ್ನೇ ಹಿಡಿಯೋಣ. ಲೆಕ್ಕಕ್ಕೆ ಅನುಕೂಲವಾಗಲಿ ಅಂತ ನಾನೇ ಒಂದು ದರ ಇಟ್ಟುಕೊಳ್ಳುತ್ತೇನೆ. ನಿಯಮ: "ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರುವ ಹಾಲಿಗೆ ಲೀಟರಿಗೆ ₹34. ಫ್ಯಾಟ್ 0.1 ಹೆಚ್ಚಾದಂತೆಲ್ಲ 30 ಪೈಸೆ ಹೆಚ್ಚು. ಎಸ್‌ಎನ್‌ಎಫ್ 0.1 ಕಡಿಮೆಯಾದಂತೆಲ್ಲ 20 ಪೈಸೆ ಕಡಿತ." ಇದರ ಕೆಳಗೇ ಟೇಬಲ್:

ಫ್ಯಾಟ್ | ಎಸ್‌ಎನ್‌ಎಫ್ | ಲೀಟರ್ | ರೈತರಿಗೆ ಸಿಗುವ ಹಣ
3.5 | 8.5 | 10 | 340.00
3.8 | 8.5 | 10 | 349.00
4.0 | 8.3 | 6.4 | 224.64
3.4 | 8.5 | 10 | ?
3.5 | 8.7 | 10 | ?

ಮೊದಲ ಮೂರು ಸಾಲು ಬೇಗ ಆಗುತ್ತವೆ. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಫ್ಯಾಟ್ ಕಡಿಮೆಯಾದರೆ ಏನು ಅಂತ ನಿಯಮ ಹೇಳಲೇ ಇಲ್ಲ. 30 ಪೈಸೆ ಕಡಿತವೇ, ₹34 ಹಾಗೇ ಇರುತ್ತದೆಯೇ, ಅಥವಾ ಆ ಹಾಲನ್ನು ವಾಪಸ್ ಕಳಿಸುತ್ತಾರೆಯೇ? ಎಸ್‌ಎನ್‌ಎಫ್ ಹೆಚ್ಚಿದ್ದರೆ ಲಾಭ ಯಾರಿಗೆ? ವಾಕ್ಯವನ್ನು ಹತ್ತು ಸಲ ಓದಿದರೂ ಕಾಣದ ತೂತು ಒಂದು ಅಂಕಿ ಇಟ್ಟ ಕೂಡಲೇ ಕಾಣುತ್ತದೆ. ಈ ಪ್ರಶ್ನಾರ್ಥಕ ಚಿಹ್ನೆಗಳನ್ನು ಅಳಿಸಬೇಡಿ. ಉತ್ತರ ಸಿಗುವವರೆಗೆ ಹಾಗೇ ಇರಲಿ. ಪ್ರಶ್ನಾರ್ಥಕ ಚಿಹ್ನೆ ಇರುವ ಪುಟಕ್ಕೆ ಸಹಿ ತೆಗೆದುಕೊಳ್ಳಬೇಡಿ, ಅದರ ಕೋಡನ್ನೂ ಶುರುಮಾಡಬೇಡಿ.

ಮೂರನೆಯ ಸಾಲಿನಲ್ಲೂ ಒಂದು ಕಿತಾಪತಿ ಅಡಗಿದೆ. ತಕ್ಕಡಿ ತೋರಿಸುವುದು ಕೆ.ಜಿ. ಆದರೆ, ಲೀಟರಿಗೆ ತರಲು ಅದನ್ನು ಸುಮಾರು 1.03ರಿಂದ ಭಾಗಿಸಬೇಕು. 6.6 ಕೆ.ಜಿ. ಅಂದರೆ 6.4078 ಲೀಟರ್. 6.4 ಅಂತ ಇಟ್ಟರೆ ₹224.64, 6.41 ಅಂತ ಇಟ್ಟರೆ ₹224.99. ಆಮೇಲೆ ರೂಪಾಯಿಗೆ ಸರಿಮಾಡುವುದು ಯಾವಾಗ? ಬೆಳಿಗ್ಗೆ ಸಂಜೆ ಸೇರಿ ವಾರಕ್ಕೆ 14 ಸಲ ಹಾಲು ಹಾಕುತ್ತಾರೆ. ಪ್ರತಿ ಸಲ 224.64 ಅನ್ನು 225 ಮಾಡಿದರೆ ವಾರಕ್ಕೆ ₹3,150. ಕೊನೆಯಲ್ಲಿ ಒಂದೇ ಸಲ ಮಾಡಿದರೆ ₹3,145. ಪ್ರತಿ ಸಲ 224.40 ಬರುವ ಇನ್ನೊಬ್ಬರು ಮೊದಲ ಪದ್ಧತಿಯಲ್ಲಿ ವಾರಕ್ಕೆ ₹5.60 ಕಳೆದುಕೊಳ್ಳುತ್ತಾರೆ. ಇದು ಪ್ರೋಗ್ರಾಮರ್ ತೀರ್ಮಾನ ಮಾಡುವ ವಿಷಯ ಅಲ್ಲ. ಆದರೆ ಟೇಬಲ್ ಇಲ್ಲದಿದ್ದರೆ ಅವನೇ ತೀರ್ಮಾನ ಮಾಡಿರುತ್ತಾನೆ, ಅದೂ ತಾನು ತೀರ್ಮಾನ ಮಾಡಿದೆ ಅನ್ನುವ ಅರಿವೂ ಇಲ್ಲದೆ.

ಇಷ್ಟರಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದಿದೆ. ಕೊನೆಯ ಕಾಲಮ್ಮನ್ನು ತುಂಬುವವರು ಯಾರು? ಬಹಳ ಕಂಪನಿಗಳಲ್ಲಿ ಡೆವಲಪರ್ ಪ್ರೋಗ್ರಾಮ್ ಓಡಿಸಿ, ಬಂದ ಉತ್ತರವನ್ನೇ "ಬರಬೇಕಾದ ಉತ್ತರ" ಅಂತ ಬರೆದುಬಿಡುತ್ತಾರೆ. ಆ ಟೆಸ್ಟ್ ಯಾವತ್ತೂ ಫೇಲಾಗುವುದಿಲ್ಲ, ಯಾವತ್ತೂ ಉಪಯೋಗಕ್ಕೂ ಬರುವುದಿಲ್ಲ. ಕೊನೆಯ ಕಾಲಮ್ ಕಾರ್ಯದರ್ಶಿಯ ಕೈಬರಹದಲ್ಲಿ ಇರಬೇಕು. ಅವರು ಕ್ಯಾಲ್ಕುಲೇಟರ್ ಹಿಡಿದು, ಒಕ್ಕೂಟದ ದರಪಟ್ಟಿ ನೋಡಿ ಬರೆಯಲಿ. ಅವರು ಲೆಕ್ಕ ಹಾಕುವ ರೀತಿಯನ್ನು ಪಕ್ಕದಲ್ಲಿ ಕೂತು ನೋಡಿ. "ಇದನ್ನು ನಾವು ಹೀಗೆ ಮಾಡಲ್ಲ ಸಾರ್" ಅನ್ನುವ ಮಾತು ಬರುವುದು ಆಗಲೇ. ಎಸ್‌ಆರ್‌ಎಸ್ ಓದಿಸಿದಾಗ ಆ ಮಾತು ಬರುವುದಿಲ್ಲ. ದೊಡ್ಡ ದಾಖಲೆಯನ್ನು ಯಾರೂ ಓದುವುದಿಲ್ಲ. ಆದರೆ ಹಣದ ಅಂಕಿ ತಪ್ಪಿದ್ದರೆ ಸಂಘದ ಯಾವ ಕಾರ್ಯದರ್ಶಿಯೂ ಸುಮ್ನಿರುವುದಿಲ್ಲ.

ಹಾಗಾದರೆ ನಿಯಮದ ವಾಕ್ಯ ಯಾಕೆ ಬೇಕು, ಟೇಬಲ್ ಸಾಲದೇ? ಸಾಲದು. ಐದು ಸಾಲಿನ ಟೇಬಲ್ ಪಾಸು ಮಾಡಿಸಲು ಐದು ಇಫ್ ('ಹೀಗಿದ್ದರೆ ಈ ಉತ್ತರ' ಎಂಬ ಕೋಡ್ ಸಾಲು) ಬರೆದರೆ ಸಾಕು. ಆರನೆಯ ರೈತರು ಬಂದಾಗ ಪ್ರೋಗ್ರಾಮ್ ಬಾಯಿ ಬಿಡುತ್ತದೆ. ಟೆಸ್ಟ್‌ಗಳು ತಪ್ಪು ಇದೆ ಎಂದು ತೋರಿಸಬಲ್ಲವು, ತಪ್ಪೇ ಇಲ್ಲ ಎಂದು ತೋರಿಸಲಾರವು ಎಂಬ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರನ ಹಳೆಯ ಮಾತು ಇಲ್ಲಿಗೂ ಸರಿ. ಉದಾಹರಣೆಗಳ ಮಧ್ಯದ ಜಾಗವನ್ನು ತುಂಬುವುದು ನಿಯಮ. ನಿಯಮದ ಅಂಚುಗಳನ್ನು ಗಟ್ಟಿಮಾಡುವುದು ಉದಾಹರಣೆ. ಎರಡೂ ಒಂದೇ ಪುಟದಲ್ಲಿರಲಿ. ಒಂದಕ್ಕೊಂದು ಹೊಂದದಿದ್ದರೆ ಯಾವುದು ಗೆಲ್ಲುತ್ತದೆ ಎಂದೂ ಬರೆದಿಡಿ. ನನ್ನ ಸಲಹೆ: ಉದಾಹರಣೆ ಗೆಲ್ಲಲಿ. ಯಾಕೆಂದರೆ ಅದನ್ನು ಯಾರೋ ಕೂತು ಲೆಕ್ಕ ಹಾಕಿರುತ್ತಾರೆ.

ಅಂಚುಗಳು ಅಂದಾಗ ಎಲ್ಲರಿಗೂ ಗೊತ್ತಿರುವ ಗೃಹಜ್ಯೋತಿ ನೆನಪಾಗುತ್ತದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದಾಗ ನಿಯಮ ಹೀಗಿತ್ತು: 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕೆ ಬಿಲ್. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್. ಇದಕ್ಕೆ ಟೆಸ್ಟ್ ಬರೆಯಿರಿ ಅಂದರೆ ನೀವು ಯಾವ ಮನೆಗಳನ್ನು ಆರಿಸುತ್ತೀರಿ? ಸರಾಸರಿ 100, ಬಳಸಿದ್ದು 110: ಬಿಲ್ ಸೊನ್ನೆ. ಬಳಸಿದ್ದು 130: 20 ಯೂನಿಟ್‌ಗೆ ಬಿಲ್. ಸರಾಸರಿ 190 ಇದ್ದರೆ 209 ಆಗುವುದಿಲ್ಲ, 200ಕ್ಕೇ ನಿಲ್ಲಬೇಕು. ಆ ಮನೆಯಲ್ಲಿ 200 ಬಳಸಿದರೆ ಸೊನ್ನೆ, 201 ಬಳಸಿದರೆ 201ಕ್ಕೂ ಬಿಲ್. ಸರಾಸರಿ 45 ಇದ್ದರೆ 49.5. ಅದು 49ಓ 50ಓ? ನಿಯಮದ ಅರ್ಥವೆಲ್ಲ ಈ ಕೆಲವು ಮನೆಗಳಲ್ಲಿದೆ. ಸರಾಸರಿ 80, 90, 120 ಅಂತ ಇಪ್ಪತ್ತು ಮನೆ ಬರೆದರೆ ಪುಟ ತುಂಬುತ್ತದೆ, ಹೊಸದೇನೂ ಗೊತ್ತಾಗುವುದಿಲ್ಲ.

2024ರ ಜನವರಿಯಲ್ಲಿ ಈ ನಿಯಮ ಸ್ವಲ್ಪ ಬದಲಾಯಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ 10ರ ಬದಲು 10 ಯೂನಿಟ್ ಹೆಚ್ಚುವರಿ. ಟೇಬಲ್ ಇದ್ದವರಿಗೆ ಇದು ಸಣ್ಣ ಕೆಲಸ. 45ರ ಸಾಲಿನ ಉತ್ತರ 55 ಆಗುತ್ತದೆ. 47 ಮತ್ತು 48 ಎಂಬ ಎರಡು ಹೊಸ ಸಾಲು ಸೇರುತ್ತವೆ. ಉಳಿದ ಸಾಲುಗಳು ಹಸಿರಾಗಿಯೇ ಇರಬೇಕು. ಅವುಗಳಲ್ಲಿ ಒಂದು ಕೆಂಪಾದರೂ ಮುಟ್ಟಬಾರದ ಕಡೆ ಕೈಹಾಕಿದ್ದೀರಿ ಅಂತ ಅರ್ಥ. ನಿಮ್ಮ ಒಕ್ಕೂಟ ಹಾಲಿನ ದರ ಬದಲಾಯಿಸಿದಾಗಲೂ ಇದೇ ಲೆಕ್ಕ. ಜೊತೆಗೆ ತಾರೀಖಿನ ಅಂಚನ್ನು ಮರೆಯಬೇಡಿ. ಹೊಸ ದರ 1ನೇ ತಾರೀಖಿನ ಬೆಳಗಿನ ಹಾಲಿಗೋ, ಸಂಜೆಯ ಹಾಲಿಗೋ? ಹಿಂದಿನ ವಾರದ ತಪ್ಪು ಎಂಟ್ರಿಯನ್ನು ಇವತ್ತು ತಿದ್ದಿದರೆ ಹಳೆಯ ದರ ಬೀಳಬೇಕೋ, ಹೊಸದೋ? ಬಟವಾಡೆ ಸಾಫ್ಟ್‌ವೇರ್ ಜಾಸ್ತಿ ಎಡವುವುದು ಇಂಥ ಕಡೆಯೇ.

ಲೆಕ್ಕ ಇಲ್ಲದ ವಿಷಯಗಳಿಗೂ ಟೆಸ್ಟ್ ಬರೆಯಬಹುದು. ಹಾಲು ತೂಕ ಆಗಿದೆ, ಚೀಟಿ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಶುರುವಾದಾಗ ಆ ಎಂಟ್ರಿ ಒಂದೇ ಸಲ ಇರಬೇಕು, ಎರಡು ಸಲ ಅಲ್ಲ, ಮಾಯವೂ ಆಗಬಾರದು. ಇದನ್ನು ಪ್ಲಗ್ ಕಿತ್ತು ನೋಡಬೇಕು, ಬೇರೆ ದಾರಿಯಿಲ್ಲ. ಇನ್ನು ಯಾರಿಗೆ ಯಾವ ಅಧಿಕಾರ, ಯಾವ ಕಾನೂನಿಗೆ ಒಳಪಟ್ಟು ಕೆಲಸ, ಈ ನಿಯಮ ಯಾಕೆ ಬಂತು ಇವೆಲ್ಲ ಬರಹದಲ್ಲೇ ಇರಲಿ. ನಿಮ್ಮ ಎಸ್‌ಆರ್‌ಎಸ್‌ನಲ್ಲಿ ಉಳಿಯುವುದು ಮುಖ್ಯವಾಗಿ ಈ ಭಾಗ.

ಒಂದು ಎಚ್ಚರಿಕೆ. "ಲಾಗಿನ್ ಆಗಿ, ಎಡಗಡೆಯ ಮೂರನೇ ಬಟನ್ ಒತ್ತಿ, ಬಾಕ್ಸಿನಲ್ಲಿ 3.5 ಟೈಪ್ ಮಾಡಿ" ಎಂದು ಟೆಸ್ಟ್ ಬರೆಯಬೇಡಿ. ಸ್ಕ್ರೀನ್ ಬದಲಾದ ದಿನ ಎಲ್ಲ ಟೆಸ್ಟೂ ಒಟ್ಟಿಗೆ ಮುರಿಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಓದಿದ ಕಾರ್ಯದರ್ಶಿಗೆ ನಿಯಮ ಏನು ಅಂತ ಗೊತ್ತಾಗುವುದಿಲ್ಲ. ಸ್ಪೆಸಿಫಿಕೇಶನ್ ಮಾತಾಡಬೇಕಾದದ್ದು ಹಾಲು, ಫ್ಯಾಟ್, ಹಣದ ಬಗ್ಗೆ. ಟೆಸ್ಟ್ ಓಡಿಸುವ ಕೋಡ್ ಸ್ಕ್ರೀನನ್ನು ಬಿಟ್ಟು ಒಳಗಿನ ಲೆಕ್ಕದ ಭಾಗವನ್ನೇ ನೇರವಾಗಿ ಕರೆಯಲಿ.

ಟೂಲ್ ಬಗ್ಗೆ ಕೇಳಿದಿರಿ. ಹೆಚ್ಚು ಹೆಸರಾದದ್ದು ಕುಕುಂಬರ್. 2008ರಲ್ಲಿ ಅಸ್ಲಾಕ್ ಹೆಲೆಸಾಯ್ ಶುರುಮಾಡಿದ್ದು. ಡ್ಯಾನ್ ನಾರ್ತ್ ಮತ್ತವರ ಜೊತೆಗಾರರು ಬಳಕೆಗೆ ತಂದ "ಇಂಥ ಸ್ಥಿತಿಯಲ್ಲಿ, ಹೀಗೆ ಮಾಡಿದಾಗ, ಹೀಗಾಗಬೇಕು" ಎಂಬ ಮೂರು ಹೆಜ್ಜೆಯ ವಾಕ್ಯಗಳಲ್ಲಿ ಅದು ಟೆಸ್ಟ್ ಬರೆಸುತ್ತದೆ. ಆ ವಾಕ್ಯಗಳನ್ನು ಕನ್ನಡದ ಗುರುತುಪದಗಳೊಂದಿಗೂ ಬರೆಯಬಹುದು, ಅದರಲ್ಲೇ ಆ ಸೌಲಭ್ಯ ಇದೆ. ಆದರೆ ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಲೆಕ್ಕ. ಲೆಕ್ಕಕ್ಕೆ ಟೇಬಲ್ಲೇ ವಾಸಿ. ಒಂದು ಎಕ್ಸೆಲ್ ಹಾಳೆ, ಅದನ್ನು ಓದಿ ಪ್ರತಿ ಸಾಲಿಗೂ ಪ್ರೋಗ್ರಾಮ್ ಓಡಿಸಿ ಹೋಲಿಸುವ ಪುಟ್ಟ ಸ್ಕ್ರಿಪ್ಟ್ ಸಾಕು. ನಿಮ್ಮ ಹುಡುಗರಿಗೆ ಇದು ದೊಡ್ಡ ಕೆಲಸ ಆಗಬಾರದು. ಹಾಳೆ ಕಾರ್ಯದರ್ಶಿಗೂ ಪರಿಚಿತ.

ಟೂಲನ್ನು ಜಾಸ್ತಿ ನಂಬಬೇಡಿ ಅನ್ನಲು ಒಂದು ಕಾರಣವೂ ಇದೆ. ಫಿಟ್ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಜೇಮ್ಸ್ ಶೋರ್ ಅವರೇ 2010ರಲ್ಲಿ ಇದರ ವಿರುದ್ಧ ಬರೆದರು. ಗ್ರಾಹಕರೇ ಟೆಸ್ಟ್ ಬರೆಯುತ್ತಾರೆ ಅಂದುಕೊಂಡಿದ್ದೆವು, ಅವರು ಬರೆಯುವುದಿಲ್ಲ. ಕೊನೆಗೆ ಎಲ್ಲ ಪ್ರೋಗ್ರಾಮರ್‌ಗಳ ತಲೆಗೆ ಬರುತ್ತದೆ, ಟೆಸ್ಟ್‌ಗಳು ನಿಧಾನ, ಸಾಕುವುದು ಕಷ್ಟ. ಇದು ಅವರ ದೂರು. ಉದಾಹರಣೆ ಹಿಡಿದು ಗ್ರಾಹಕರ ಜೊತೆ ಮಾತಾಡುವುದನ್ನು ಅವರು ಬಿಡಲಿಲ್ಲ, ಅದನ್ನು ಆಟೋಮೇಟ್ ಮಾಡುವ ಹಟ ಬಿಟ್ಟರು. ಆ ದೂರಿನಲ್ಲಿ ಹುರುಳಿದೆ. ಆದರೂ ದರ ಪದೇ ಪದೇ ಬದಲಾಗುವ, ಹಣದ ಲೆಕ್ಕ ಇರುವ ಭಾಗದಲ್ಲಿ ಆಟೋಮೇಟ್ ಮಾಡಿದ ಶ್ರಮ ವಾಪಸ್ ಬರುತ್ತದೆ ಎಂದೇ ನನ್ನ ಅಭಿಪ್ರಾಯ. ಸದಸ್ಯರ ಹೆಸರು, ವಿಳಾಸ ತಿದ್ದುವ ಸ್ಕ್ರೀನುಗಳಿಗೆ ಬೇಡ. ಅವನ್ನು ಕೈಯಲ್ಲೇ ನೋಡಿದರೆ ಆಯಿತು.

ಕೊನೆಯದು ಕರಾರು. ಟೇಬಲ್‌ಗಳನ್ನು ಅನುಬಂಧ ಮಾಡಿ, ಅದಕ್ಕೆ ಆವೃತ್ತಿ ಸಂಖ್ಯೆ ಮತ್ತು ತಾರೀಖು ಹಾಕಿ. ಹಣ ಬಿಡುಗಡೆಯ ಷರತ್ತಿನಲ್ಲಿ ಎರಡು ಮಾತು ಇರಲಿ: ಅನುಬಂಧದ ಎಲ್ಲ ಸಾಲೂ ಪಾಸಾಗಬೇಕು, ಜೊತೆಗೆ ಸಂಘದ ಹಿಂದಿನ ಒಂದು ತಿಂಗಳ ಬಟವಾಡೆ ರಿಜಿಸ್ಟರಿನೊಂದಿಗೆ ಲೆಕ್ಕ ತಾಳೆಯಾಗಬೇಕು. ಎರಡನೆಯದನ್ನು ಬಿಡಬೇಡಿ. ಯಾರಿಗೂ ಹೊಳೆಯದ ಉದಾಹರಣೆಗಳು ಆ ರಿಜಿಸ್ಟರಿನಲ್ಲಿರುತ್ತವೆ: ಒಂದೇ ಹೊತ್ತಿನಲ್ಲಿ ಎರಡು ಸಲ ಹಾಲು ಹಾಕಿದವರು, ಪಶು ಆಹಾರದ ಬಾಕಿ ಹಿಡಿದ ಮೇಲೆ ಬಟವಾಡೆ ಸೊನ್ನೆಗಿಂತ ಕೆಳಗೆ ಹೋದವರು. ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಒಂದೋ ನಿಮ್ಮ ಕೋಡ್ ತಪ್ಪು, ಇಲ್ಲವೇ ಅನುಬಂಧದಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಇಲ್ಲವೇ ರಿಜಿಸ್ಟರೇ ತಪ್ಪು. ಮೂರನೆಯದು ನೀವಂದುಕೊಂಡಷ್ಟು ಅಪರೂಪವಲ್ಲ. ಆಗ ಯಾವುದು ಸರಿ ಅಂತ ಕಾರ್ಯದರ್ಶಿಯಿಂದ ಬರೆಸಿಕೊಂಡು, ಆ ಸಾಲನ್ನೂ ಅನುಬಂಧಕ್ಕೆ ಸೇರಿಸಿ. ಸಹಿಯಾದ ಮೇಲೆ ಇರುವ ಸಾಲಿನ ಉತ್ತರ ಬದಲಾದರೆ ಅದು ಹೆಚ್ಚುವರಿ ಕೆಲಸ, ಅದಕ್ಕೆ ಬೇರೆ ದುಡ್ಡು. ಇರುವ ನಿಯಮಕ್ಕೇ ಹೊಸ ಉದಾಹರಣೆ ಸೇರಿದರೆ ಅದು ನಿಮ್ಮ ಜವಾಬ್ದಾರಿ, ಅದಕ್ಕೆ ದುಡ್ಡು ಕೇಳಬೇಡಿ. ಈ ವ್ಯತ್ಯಾಸವನ್ನು ಕರಾರಿನಲ್ಲೇ ಬರೆಯಿರಿ.

ಮುಂದಿನ ಸಂಘದ ಕೆಲಸ ಬಂದಾಗ ಬಟವಾಡೆ ಅಧ್ಯಾಯ ಒಂದನ್ನೇ ಹೀಗೆ ಬರೆದು ನೋಡಿ. ಉಳಿದದ್ದು ಸದ್ಯಕ್ಕೆ ಹಳೆಯ ರೀತಿಯಲ್ಲೇ ಇರಲಿ.